ಅಪಘಾತದ ಕೇಸಿಗೆ ವಕೀಲರನ್ನು ನಾವು ಆರಿಸಿದ್ದು ಹೀಗೆ

ನನ್ನ ತಮ್ಮ ವೈರಿಂಗ್ ಕೆಲಸ ಮಾಡುತ್ತಾನೆ. ಬೈಕಿನಲ್ಲಿ ಹೋಗುವಾಗ ಗೂಡ್ಸ್ ಗಾಡಿ ಗುದ್ದಿ ಮೊಣಕಾಲ ಕೆಳಗಿನ ಮೂಳೆ ಮುರಿಯಿತು, ಒಳಗೆ ರಾಡ್ ಹಾಕಿದರು. ಅವನಿನ್ನೂ ಮಂಪರಿನಲ್ಲಿದ್ದಾಗಲೇ ವಾರ್ಡಿಗೆ ಒಬ್ಬ ಬಂದ. "ಲಾಯರ್ ಕಡೆಯಿಂದ ಬಂದಿದೀನಿ ಅಣ್ಣ. ಈಗ ಒಂದು ರೂಪಾಯಿನೂ ಬೇಡ, ದುಡ್ಡು ಬಂದ್ಮೇಲೆ ಪರ್ಸೆಂಟೇಜ್ ಕೊಟ್ರೆ ಸಾಕು" ಎಂದು ಖಾಲಿ ವಕಾಲತ್ತು, ಅಂದರೆ ನಮ್ಮ ಪರ ಕೇಸು ನಡೆಸಲು ವಕೀಲರಿಗೆ ಒಪ್ಪಿಗೆ ಕೊಡುವ ಪತ್ರ, ಮುಂದಿಟ್ಟ.

ಸಾಗಹಾಕಿದೆ. ವಕೀಲರು ಏಜೆಂಟರ ಮೂಲಕ ಕೇಸು ಹಿಡಿಯುವಂತಿಲ್ಲ, ಬರುವ ಪರಿಹಾರದಲ್ಲಿ ಪಾಲು ಕೇಳುವಂತೆಯೂ ಇಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳು ಎರಡನ್ನೂ ತಡೆಯುತ್ತವೆ. ಆದರೂ ಎರಡೂ ಧಾರಾಳವಾಗಿ ನಡೆಯುತ್ತವೆ, ಬಿಡಿ. ನನಗೆ ಸರಿ ಕಾಣದೇ ಇದ್ದದ್ದು ಬೇರೆ. ತಮ್ಮ ಏನು ಕೆಲಸ ಮಾಡುತ್ತಾನೆ ಅಂತ ಆ ಮನುಷ್ಯ ಕೇಳಲೇ ಇಲ್ಲ.

ಹಾಗಂತ ನಿಧಾನ ಮಾಡುವಂತಿರಲಿಲ್ಲ. ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿಯಿಂದ, 2022ರ ಏಪ್ರಿಲ್ 1ರಿಂದೀಚೆಗೆ ಪರಿಹಾರ ಕೇಳುವ ಕ್ಲೇಮ್ ಅರ್ಜಿಗೆ ಅಪಘಾತವಾದ ದಿನದಿಂದ 6 ತಿಂಗಳ ಗಡುವಿದೆ. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ನಿಜ. ಆ ಭರವಸೆಯ ಮೇಲೆ ಕೂರುವ ಧೈರ್ಯ ನನಗಿರಲಿಲ್ಲ. ಒಂದು ಅನುಕೂಲ ಅಂದರೆ, ಅಪಘಾತ ಬೇರೆ ಜಿಲ್ಲೆಯಲ್ಲಾಗಿದ್ದರೂ ನಾವು ವಾಸವಿರುವ ಕಡೆಯ ಟ್ರಿಬ್ಯೂನಲ್‌ನಲ್ಲೇ (ಅಪಘಾತ ಪರಿಹಾರದ ಅರ್ಜಿಗಳನ್ನು ನಡೆಸುವ ನ್ಯಾಯಮಂಡಳಿ) ಅರ್ಜಿ ಹಾಕಬಹುದು. ಹಾಗಾಗಿ ಹತ್ತಿರದ ವಕೀಲರನ್ನೇ ಹುಡುಕಿದೆ.

ಪರಿಚಯದವರು ಹೇಳಿದ ಹೆಸರುಗಳನ್ನೆಲ್ಲ ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ನೋಡಿದೆ. ಅಲ್ಲಿ ವಕೀಲರ ಹೆಸರಿನಿಂದ ಕೇಸು ಹುಡುಕಬಹುದು. ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕೇಸುಗಳು ಎಷ್ಟಿವೆ, ಅವರು ಅರ್ಜಿದಾರರ ಕಡೆಯೋ ಇನ್ಶೂರೆನ್ಸ್ ಕಂಪನಿ ಕಡೆಯೋ ಅಂತ ಗೊತ್ತಾಗುತ್ತದೆ. ಮುಗಿದ ಕೇಸುಗಳ ತೀರ್ಪು ಸಿಕ್ಕರೆ ಅದನ್ನೂ ಓದಿದೆ. "ಡಾಕ್ಟರನ್ನು ವಿಚಾರಣೆಗೆ ಕರೆಸಿಲ್ಲ", "ಆದಾಯಕ್ಕೆ ದಾಖಲೆ ಕೊಟ್ಟಿಲ್ಲ" ಅನ್ನುವ ಸಾಲುಗಳು ಒಬ್ಬರೇ ವಕೀಲರ ಕೇಸುಗಳಲ್ಲಿ ಮತ್ತೆ ಮತ್ತೆ ಕಂಡರೆ ಅವರ ಆಫೀಸಿಗೆ ಹೋಗುವುದೇ ಬೇಡ ಅಲ್ವಾ? ಕೋರ್ಟ್ ಹಾಲಿನಲ್ಲಿ ಹಿಂದಿನ ಬೆಂಚಿನಲ್ಲೂ ಕೂತು ನೋಡಿದೆ. ಯಾರೂ ಬೇಡ ಅನ್ನುವುದಿಲ್ಲ.

ಆಮೇಲೆ ಮಾತಾಡಲು ಹೋದೆ. ಒಬ್ಬರು ಎಕ್ಸ್-ರೇ ಕವರಿನಿಂದ ಹೊರಗೆ ತೆಗೆಯುವ ಮೊದಲೇ ಲಕ್ಷಗಳ ಲೆಕ್ಕ ಹೇಳಿದರು. ಇನ್ನೊಬ್ಬರಿಗೆ ಒಳ್ಳೆ ಹೆಸರಿದೆ, ಆದರೆ ಪಾಟಿ ಸವಾಲು ಮಾಡುವುದು ಯಾರು ಅಂತ ಕೇಳಿದಾಗ "ಆವತ್ತು ಯಾವ ಜೂನಿಯರ್ ಇರ್ತಾರೋ ಅವರು" ಅಂದರು.

ಕೊನೆಗೆ ಕೇಸು ಕೊಟ್ಟದ್ದು ಒಬ್ಬ ಮಹಿಳಾ ವಕೀಲರಿಗೆ. ಅವರು ನನ್ನನ್ನು ಬಿಟ್ಟು ನೇರ ತಮ್ಮನನ್ನೇ ಕೇಳಿದರು: "ಏಣಿ ಹತ್ತೋಕೆ ಆಗುತ್ತಾ? ಕುಕ್ಕರುಗಾಲಲ್ಲಿ ಕೂತು ಸ್ವಿಚ್ ಬೋರ್ಡ್ ಹಾಕೋಕೆ? ಎಷ್ಟು ಹೊತ್ತು ನಿಂತರೆ ನೋವು ಶುರು ಆಗುತ್ತೆ?" ಆಮೇಲೆ ಹಾಳೆಯ ಮೇಲೆ ಬರೆದು ತೋರಿಸಿದರು. ತಿಂಗಳಿಗೆ 15,000 ಸಂಪಾದನೆ ಅಂತ ಇಟ್ಟುಕೊಂಡರೆ ವರ್ಷಕ್ಕೆ 1,80,000. ತಮ್ಮನ ವಯಸ್ಸು 32, ಅದಕ್ಕೆ ಗುಣಕ (ವರ್ಷದ ಸಂಪಾದನೆಯನ್ನು ಗುಣಿಸಲು ವಯಸ್ಸಿನ ಮೇಲೆ ಗೊತ್ತುಮಾಡಿದ ಸಂಖ್ಯೆ) 16. ಅಲ್ಲಿಗೆ 28,80,000. ದುಡಿಮೆ 15 ಪರ್ಸೆಂಟ್ ಕಮ್ಮಿಯಾಗಿದೆ ಅಂತ ಟ್ರಿಬ್ಯೂನಲ್ ಒಪ್ಪಿದರೆ ಈ ಬಾಬ್ತಿನಲ್ಲಿ ಬರುವುದು 4,32,000. 40 ಅಂತ ಒಪ್ಪಿದರೆ 11,52,000. ಗಾಯ ಅದೇ, ಕಾಲೂ ಅದೇ.

ಡಾಕ್ಟರು ಕೊಡುವ ಸರ್ಟಿಫಿಕೇಟಿನಲ್ಲಿ ಇರುವುದು ಕಾಲಿನ ಊನ ಎಷ್ಟು ಅಂತ. ಟ್ರಿಬ್ಯೂನಲ್ ನೋಡಬೇಕಾದದ್ದು ಅದರಿಂದ ದುಡಿಮೆಗೆ ಎಷ್ಟು ಪೆಟ್ಟು ಅಂತ. 2011ರ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಎಡಗೈ ಹೋದರೆ ಡ್ರೈವರ್‌ಗೋ ಬಡಗಿಗೋ ಸಂಪಾದನೆ ಪೂರ್ತಿ ಹೋದ ಹಾಗೆ, ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಸಂಬಳದ ಚೀಟಿ ಇಲ್ಲದ ತಮ್ಮನಂಥವರಿಗೆ ಇದನ್ನು ಸಾಬೀತು ಮಾಡುವುದೇ ಕಷ್ಟ. ಬ್ಯಾಂಕ್ ಸ್ಟೇಟ್‌ಮೆಂಟ್, ಫೋನ್‌ಪೇಯಲ್ಲಿ ಬಂದ ಕೂಲಿ, ಕೆಲಸ ಕೊಡುತ್ತಿದ್ದ ಕಂಟ್ರಾಕ್ಟರ ಸಾಕ್ಷಿ, ಎಲ್ಲವನ್ನೂ ಅವರು ಮೊದಲ ದಿನವೇ ಪಟ್ಟಿ ಮಾಡಿಸಿದರು. ಆಪರೇಷನ್ ಮಾಡಿದ ಡಾಕ್ಟರನ್ನೇ ಸಾಕ್ಷಿಗೆ ಕರೆಸೋಣ ಅಂದರು. ನಾನು ಕೇಳಬೇಕೆಂದಿದ್ದ ಪ್ರಶ್ನೆಗೆ ಕೇಳುವ ಮೊದಲೇ ಉತ್ತರ ಸಿಕ್ಕಿತು.

ಪೊಲೀಸ್ ಕಾಗದಗಳದ್ದು ಅಷ್ಟು ತಲೆನೋವಿಲ್ಲ. ಎಫ್ಐಆರ್, ಮಹಜರು, ಗಾಯದ ಸರ್ಟಿಫಿಕೇಟ್, ಚಾರ್ಜ್‌ಶೀಟ್ ಯಾವ ವಕೀಲರಾದರೂ ತೆಗೆಸುತ್ತಾರೆ. ಎಕ್ಸ್-ರೇ ಮತ್ತು ಆಸ್ಪತ್ರೆ ಬಿಲ್ಲುಗಳ ಒರಿಜಿನಲ್ ಮಾತ್ರ ಕೋರ್ಟಿಗೆ ಹಾಕುವವರೆಗೂ ನಮ್ಮ ಹತ್ತಿರವೇ ಇಟ್ಟುಕೊಂಡೆವು.

ಫೀಸನ್ನು ಹಂತ ಹಂತವಾಗಿ ಕೊಡುವ ಮಾತಾಯಿತು. ಅರ್ಜಿ ಹಾಕುವಾಗ ಸ್ವಲ್ಪ, ಸಾಕ್ಷಿ ಹಂತಕ್ಕೆ ಸ್ವಲ್ಪ, ವಾದ ಮುಗಿದ ಮೇಲೆ ಉಳಿದದ್ದು. ಪ್ರತಿಯೊಂದಕ್ಕೂ ರಸೀದಿ. ಅದೂ ಕಷ್ಟ ಅನ್ನುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಅಲ್ಲಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ವಕಾಲತ್ತಿಗೆ ಸಹಿ ಹಾಕುವ ಮುಂಚೆ ಇನ್ನೊಂದು ಮಾತನ್ನೂ ಇತ್ಯರ್ಥ ಮಾಡಿಕೊಂಡೆವು. ವಕಾಲತ್ತಿನಲ್ಲಿ ರಾಜಿ ಮಾಡಿಕೊಳ್ಳುವ ಅಧಿಕಾರವನ್ನೂ ಸಾಮಾನ್ಯವಾಗಿ ಸೇರಿಸಿರುತ್ತಾರೆ. ಟ್ರಿಬ್ಯೂನಲ್ ಕೊಟ್ಟ ಮೊತ್ತ ಕಮ್ಮಿ ಅನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಅಪೀಲು ಹೋಗಬಹುದು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅಪೀಲು ಇಲ್ಲ. ಅದಕ್ಕೇ ತಮ್ಮನನ್ನು ಕೇಳದೆ ಯಾವ ಮೊತ್ತಕ್ಕೂ ಒಪ್ಪುವುದಿಲ್ಲ ಅಂತ ವಕೀಲರಿಂದ ಬರೆಸಿಕೊಂಡೆವು. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ತಮ್ಮ ಲೆಟರ್‌ಹೆಡ್‌ನಲ್ಲೇ ಬರೆದು ಕೊಟ್ಟರು.