ಐರ್ಲೆಂಡಿನ ಹಳ್ಳಿಗೆ ಹೊರಟವರಿಗೆ ಒಂದಿಷ್ಟು ಸಲಹೆ

ಡಬ್ಲಿನ್‌ನಿಂದ ಡೊನೆಗಾಲ್‌ ಕೌಂಟಿಯ ಗ್ಲೆನ್‌ಕಾಲಂಬ್‌ಕಿಲ್‌ನಂಥ ಹಳ್ಳಿಗೆ ಹೋಗುವ ಆಸೆಯಿದ್ದರೆ ಮೊದಲು ವೀಸಾ ವಿಚಾರಿಸಿ. ಐರ್ಲೆಂಡ್, ಒಂದೇ ವೀಸಾದಲ್ಲಿ ಯೂರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್‌ಗೆ ಸೇರಿಲ್ಲ, ಆ ವೀಸಾ ಇಲ್ಲಿ ನಡೆಯುವುದಿಲ್ಲ.

ಡೊನೆಗಾಲ್‌ಗೆ ರೈಲೇ ಇಲ್ಲ. ಬಸ್ಸುಗಳೂ ಕಡಿಮೆ, ಭಾನುವಾರ ಇನ್ನೂ ಕಡಿಮೆ. ಆದ್ದರಿಂದ ಮೊದಲು ವಾಪಸ್ ಬರುವ ಬಸ್ಸಿನ ವೇಳೆ ನೋಡಿ, ಆಮೇಲೆ ರೂಮ್ ಬುಕ್ ಮಾಡಿ. ಕಾರು ತೆಗೆದುಕೊಂಡರೆ ನಮ್ಮಂತೆಯೇ ಎಡಬದಿಯ ಓಡಾಟ. ಆದರೆ ಈ ಹಳ್ಳಿಯಿರುವುದು ಐರಿಷ್ ಮಾತಾಡುವ ಗೇಲ್ಟಾಕ್ಟ್ ಪ್ರದೇಶದಲ್ಲಿ, ಅಲ್ಲಿನ ಬೋರ್ಡುಗಳಲ್ಲಿ ಊರಿನ ಹೆಸರು ಐರಿಷ್‌ನಲ್ಲಿ ಮಾತ್ರ ಇರುತ್ತದೆ. ಇಂಗ್ಲಿಷ್, ಐರಿಷ್ ಎರಡೂ ಹೆಸರು ಬರೆದಿಟ್ಟುಕೊಳ್ಳಿ.

ಸಸ್ಯಾಹಾರಿಗಳು ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ಊರಿಂದ ತುಪ್ಪ, ಪೇಡ ಬೇಡ. ಐರೋಪ್ಯ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ಸೂಪ್ ಕೇಳುವಾಗ ಅದರ ನೀರು ತರಕಾರಿಯದೋ ಮಾಂಸದ್ದೋ ಎಂದು ವಿಚಾರಿಸಿ.

ಗ್ಲೆನ್‌ಕಾಲಂಬ್‌ಕಿಲ್‌ನಲ್ಲಿ ಫಾದರ್ ಜೇಮ್ಸ್ ಮಕ್‌ಡೈಯರ್ 1967ರಲ್ಲಿ ಊರವರ ಜೊತೆ ಕಟ್ಟಿದ ಹಳೆಯ ಕಾಲದ ಬದುಕು ತೋರಿಸುವ ಜನಪದ ಗ್ರಾಮವಿದೆ. ಯುವಕರು ಊರು ಬಿಡುವುದನ್ನು ತಡೆಯಲು ಹೆಣಗಿದವರು ಅವರು. ಹುಲ್ಲು ಹೊದಿಸಿದ ಆ ಪುಟ್ಟ ಮನೆಗಳನ್ನು ಅವಸರವಿಲ್ಲದೆ ನೋಡಿ. ದಾರಿಯಲ್ಲಿ ಸಿಕ್ಕವರಿಗೆ 'ದಿಯಾ ಗ್ವಿಚ್' ಅನ್ನಿ. ಅದು ಅಲ್ಲಿನ ನಮಸ್ಕಾರ. ಹೊಲದ ಗೇಟು ತೆರೆದರೆ ಮುಚ್ಚಿಯೇ ಮುಂದೆ ಹೋಗಿ, ಕುರಿಗಳಿರುತ್ತವೆ.