ಏಷ್ಯಾದ ಬಲ ಅಳೆಯುವುದು ಹೇಗೆ? ‘ಆಗಲ್ಲ’ ಎನ್ನಬಲ್ಲವರನ್ನು ಹುಡುಕಿ

ಚೀನಾ ಇಷ್ಟು ಬೆಳೆಯಿತು, ಭಾರತ ಇಷ್ಟನೇ ಸ್ಥಾನಕ್ಕೆ ಬಂತು ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಆದರೆ ಜಗತ್ತಿನ ಹಿಡಿತ ನಿಜಕ್ಕೂ ಏಷ್ಯಾದ ಕಡೆ ಸರಿಯುತ್ತಿದೆಯಾ ಅಂತ ತಿಳಿಯಲು ಅಷ್ಟು ಸಾಲದು. ಯಾರ ಹತ್ತಿರ ದುಡ್ಡು ಜಾಸ್ತಿ ಅನ್ನುವುದಕ್ಕಿಂತ, ಯಾರು ‘ಆಗಲ್ಲ’ ಅಂದರೆ ಕೆಲಸ ನಿಲ್ಲುತ್ತದೆ ಅಂತ ನೋಡಬೇಕು. ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ.

ಮೊದಲು ಗಾತ್ರ. ಇದು ಒಂದು ನಿಮಿಷದ ಕೆಲಸ. 2010ರಲ್ಲಿ ಚೀನಾ ಜಪಾನನ್ನು ದಾಟಿ ಎರಡನೇ ದೊಡ್ಡ ಆರ್ಥಿಕತೆಯಾಯಿತು. ಲೆಕ್ಕ ಡಾಲರ್ ದರದಲ್ಲಿದ್ದರೆ ಈಗಲೂ ಅಮೆರಿಕವೇ ಮುಂದೆ. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಅಂದರೆ ಆಯಾ ದೇಶದ ಬೆಲೆಯಲ್ಲಿ ದುಡ್ಡಿಗೆ ಎಷ್ಟು ಸಾಮಾನು ಸಿಗುತ್ತದೆ ಅಂತ ನೋಡಿದರೆ, ಚೀನಾ ಮುಂದೆ. ಎರಡನ್ನೂ ಬೆರೆಸಬೇಡಿ.

ಎರಡನೆಯದು ಮತದ ಲೆಕ್ಕ. ಇಲ್ಲಿ ಸ್ವಲ್ಪ ಹೊತ್ತು ಕೂರಿ. ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ (ಐಎಂಎಫ್) ಮುಖ್ಯ ತೀರ್ಮಾನಗಳಿಗೆ ಶೇ 85ರಷ್ಟು ಮತ ಬೇಕು. ಅಮೆರಿಕದ ಕೈಯಲ್ಲಿ ಸುಮಾರು ಶೇ 16.5 ಇದೆ. ನೂರರಿಂದ ಕಳೆಯಿರಿ, ಉಳಿಯುವುದು 83.5. ಬಾಕಿ ಎಲ್ಲ ದೇಶಗಳು ಒಂದಾದರೂ 85 ಮುಟ್ಟುವುದಿಲ್ಲ! ಚೀನಾದ ಪಾಲು ಶೇ 6ರ ಆಸುಪಾಸು, ಭಾರತದ್ದು ಶೇ 3ಕ್ಕೂ ಕಡಿಮೆ. ಈ ಪಾಲನ್ನು ತುಸು ಹೆಚ್ಚಿಸಲು 2010ರಲ್ಲೇ ಒಪ್ಪಿಗೆಯಾಗಿತ್ತು. ಅಮೆರಿಕದ ಸಂಸತ್ತು ಹೂಂ ಅಂದು ಅದು ಜಾರಿಯಾಗುವಷ್ಟರಲ್ಲಿ 2016 ಬಂತು. ಅಷ್ಟು ವರ್ಷ ಕಾಯಿಸಿದ್ದು ನ್ಯಾಯವಲ್ಲ.

ಅದೇ 2016ರಲ್ಲಿ ಬೀಜಿಂಗ್‌ನಲ್ಲಿ ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ ಶುರುವಾಯಿತು. ಅಲ್ಲಿ ದೊಡ್ಡ ತೀರ್ಮಾನಕ್ಕೆ ಶೇ 75 ಮತ ಬೇಕು. ಚೀನಾದ ಪಾಲು ಶೇ 26ಕ್ಕಿಂತ ಜಾಸ್ತಿ. ಮತ್ತೆ ಕಳೆದು ನೋಡಿ. ಬೀಗ ಅದೇ ಥರದ್ದು, ಕೀಲಿಕೈ ಮಾತ್ರ ಈಗ ಬೀಜಿಂಗ್‌ನಲ್ಲಿದೆ, ಅಲ್ವಾ? ಭಾರತ ಅಲ್ಲಿ ಎರಡನೇ ದೊಡ್ಡ ಪಾಲುದಾರ. ನಮ್ಮ ಮೆಟ್ರೊದ ಕಾಳೇನ ಅಗ್ರಹಾರ–ನಾಗವಾರ ಮಾರ್ಗಕ್ಕೆ 33.5 ಕೋಟಿ ಡಾಲರ್ ಸಾಲ ಮಂಜೂರಾಗಿದ್ದು ಈ ಬ್ಯಾಂಕಿನಿಂದಲೇ.

ಮೂರನೆಯದು, ಯಾವುದಾದರೂ ಒಂದು ವಸ್ತುವಿನ ಒಳಗೆ ಇಣುಕಿ. ಎಲೆಕ್ಟ್ರಿಕ್ ವಾಹನದ ಮೋಟಾರನ್ನೇ ನೋಡೋಣ. ಅದರಲ್ಲಿ ಸಾಮಾನ್ಯವಾಗಿ ನಿಯೋಡಿಮಿಯಂ ಮ್ಯಾಗ್ನೆಟ್ ಇರುತ್ತದೆ. ಮೋಟಾರು ಬಿಸಿಯಾದರೂ ಮ್ಯಾಗ್ನೆಟ್ಟಿನ ಬಲ ಕುಗ್ಗಬಾರದು ಅಂತ ಡಿಸ್ಪ್ರೋಸಿಯಂ ಎಂಬ ಲೋಹವನ್ನು ಚೂರೇ ಚೂರು ಸೇರಿಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಚೀನಾ ಇದೂ ಸೇರಿದಂತೆ ಏಳು ವಿರಳ ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ನಮ್ಮ ವಾಹನ ತಯಾರಕರೂ ಮ್ಯಾಗ್ನೆಟ್‌ಗಾಗಿ ಪರದಾಡಿದರು. ಗಣಿಗಳು ಬೇರೆ ದೇಶಗಳಲ್ಲೂ ಇವೆ. ಆದರೆ ಅದಿರನ್ನು ಶುದ್ಧ ಮಾಡುವ ಕೆಲಸದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಚೀನಾದ್ದು. ಹಾಗಂತ ಎಲ್ಲ ಬೀಗವೂ ಏಷ್ಯಾದಲ್ಲಿಲ್ಲ. ಅತಿ ಸೂಕ್ಷ್ಮ ಚಿಪ್‌ಗಳು ಹೆಚ್ಚಾಗಿ ತೈವಾನ್‌ನಲ್ಲಿ ತಯಾರಾದರೂ, ಅದಕ್ಕೆ ಬೇಕೇಬೇಕಾದ, ಚಿಪ್ ಮೇಲೆ ಬೆಳಕಿನಿಂದ ಅತಿ ಸಣ್ಣ ವಿನ್ಯಾಸ ಮೂಡಿಸುವ ಯಂತ್ರ ಮಾಡುವುದು ನೆದರ್ಲೆಂಡ್ಸ್‌ನ ಒಂದೇ ಕಂಪನಿ.

ಕೊನೆಗೆ ‘ಏಷ್ಯಾ’ ಎಂಬ ಪದ ಹೊಡೆದುಹಾಕಿ, ದೇಶಗಳ ಹೆಸರು ಬೇರೆಬೇರೆ ಬರೆಯಿರಿ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಚೀನಾಕ್ಕೆ ವಿಟೊ, ಅಂದರೆ ಒಬ್ಬರೇ ತೀರ್ಮಾನ ತಡೆಯುವ ಹಕ್ಕು, ಇದೆ. ಭಾರತಕ್ಕೂ ಇಲ್ಲ, ಜಪಾನ್‌ಗೂ ಇಲ್ಲ. 2019ರ ನವೆಂಬರ್‌ನಲ್ಲಿ ಭಾರತ ಆರ್‌ಸಿಇಪಿ ಎಂಬ ಏಷ್ಯಾ–ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದಕ್ಕೆ ‘ಆಗಲ್ಲ’ ಅಂದಿತು. ಹೊರಗಿನ ಹಾಲಿನ ಪುಡಿ ಬಂದರೆ ನಮ್ಮ ಗತಿಯೇನು ಅಂತ ಹೈನುಗಾರರು ಹೆದರಿದ್ದರು. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ ಒಪ್ಪಂದ ನಿಲ್ಲಲಿಲ್ಲ. ಉಳಿದ 15 ದೇಶಗಳು ಮರುವರ್ಷವೇ ಸಹಿ ಹಾಕಿದವು. ಹಾಳೆಯಲ್ಲಿ ಇದನ್ನೂ ಹಾಗೇ ಬರೆದುಕೊಳ್ಳಿ.