ಬೇಸ್ ಗಿಟಾರ್‌ನಲ್ಲಿ ಆರ್ಪೆಜಿಯೊ ಕಲಿಯುವುದು ಹೇಗೆ?

ಕಾರ್ಡ್ ಅಂದರೆ ಒಟ್ಟಿಗೆ ಸೇರುವ ಸ್ವರಗಳ ಗುಂಪು. ಅದರ ಸ್ವರಗಳನ್ನೆಲ್ಲ ಬೇಸ್‌ನಲ್ಲಿ ಒಟ್ಟಿಗೆ ಮೀಟಿದರೆ, ಅದರಲ್ಲೂ ದಪ್ಪ ತಂತಿಗಳಲ್ಲಿ, ಎಲ್ಲ ಕಲಸಿಹೋಗಿ ಬರೀ ಗುಂಯ್ ಅನ್ನುತ್ತದೆ. ಅದಕ್ಕೇ ಅವನ್ನು ಬಿಡಿಸಿ ಒಂದಾದ ಮೇಲೊಂದು ನುಡಿಸುತ್ತೇವೆ. ಅದೇ ಆರ್ಪೆಜಿಯೊ. ಸ್ಕೇಲ್ (ಕ್ರಮವಾಗಿ ಏರುವ ಸ್ವರಗಳ ಸಾಲು) ಎಲ್ಲ ಮುಗಿದ ಮೇಲೆ ಕಲಿತರಾಯಿತು ಎಂದು ಇದನ್ನು ಮುಂದೂಡಬೇಡಿ. ಹಾಡಿನ ಜೊತೆ ಕೂತಾಗ ಮೊದಲು ಕೆಲಸಕ್ಕೆ ಬರುವುದು ಇದೇ.

ಸಿ ಮೇಜರ್ ಕಾರ್ಡ್ ತೆಗೆದುಕೊಳ್ಳಿ. ಸ್ವರಗಳು ಸಿ, ಇ, ಜಿ. ತಂತಿಗಳು ಎಂದಿನಂತೆ, ದಪ್ಪದಿಂದ ತೆಳುವಿನ ಕಡೆಗೆ, ಇ, ಎ, ಡಿ, ಜಿ ಶ್ರುತಿಯಲ್ಲಿರಲಿ. ಎಡಗೈಯ ನಾಲ್ಕು ಬೆರಳಿಗೆ 2ರಿಂದ 5ರವರೆಗೆ ಒಂದೊಂದು ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆ). ಎ ತಂತಿಯ 3ನೇ ಫ್ರೆಟ್ ಮೇಲೆ ನಡುಬೆರಳು ಇಡಿ. ಇದು ಸಿ, ಅಂದರೆ ರೂಟ್, ಕಾರ್ಡ್‌ಗೆ ಹೆಸರು ಕೊಡುವ ಮೂಲ ಸ್ವರ. ಡಿ ತಂತಿಯ 2ನೇ ಫ್ರೆಟ್‌ನಲ್ಲಿ ತೋರುಬೆರಳು, ಇದು ಇ. ಅದೇ ತಂತಿಯ 5ನೇ ಫ್ರೆಟ್‌ನಲ್ಲಿ ಕಿರುಬೆರಳು, ಇದು ಜಿ. ಕೊನೆಗೆ ಜಿ ತಂತಿಯ 5ನೇ ಫ್ರೆಟ್, ಅದೂ ಕಿರುಬೆರಳಿಗೇ. ಮತ್ತೆ ಸಿ ಬಂತು, ಒಂದು ಆಕ್ಟೇವ್ ಮೇಲೆ, ಅಂದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ. ಹೋದ ದಾರಿಯಲ್ಲೇ ಇಳಿದು ಬನ್ನಿ. ಇಳಿಯುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಹಾಗೆ ಮಾಡಬೇಡಿ.

ನುಡಿಸುವಾಗ ಆ ಎರಡನೇ ಸ್ವರಕ್ಕೆ ಕಿವಿ ಕೊಡಿ. ಅದೇ ಥರ್ಡ್, ಅಂದರೆ ಸ್ಕೇಲ್‌ನಲ್ಲಿ ರೂಟ್‌ನಿಂದ ಎಣಿಸಿದರೆ ಮೂರನೆಯದು. ಕಾರ್ಡ್ ಮೇಜರೋ ಮೈನರೋ ಎಂದು ಹೇಳುವುದು ಅದೊಂದೇ. ಇ ಬದಲು ಅರ್ಧ ಸ್ವರ (ಒಂದು ಫ್ರೆಟ್) ಕೆಳಗೆ ಇಳಿದರೆ ಸಿ ಮೈನರ್ ಆಗುತ್ತದೆ. ಆದರೆ ಕೈ ಜಾಗ ಬದಲಾಗುತ್ತದೆ: ತೋರುಬೆರಳು ಎ ತಂತಿಯ 3ರಲ್ಲಿ, ಕಿರುಬೆರಳು ಅದೇ ತಂತಿಯ 6ರಲ್ಲಿ, ಡಿ ಮತ್ತು ಜಿ ತಂತಿಗಳ 5ರಲ್ಲಿ ಉಂಗುರಬೆರಳು. ಮೇಜರ್, ಮೈನರ್ ಎರಡನ್ನೂ ಬೆನ್ನಿಗೆ ಬೆನ್ನಿಗೆ ನುಡಿಸಿ. ಸ್ವರಗಳ ಹೆಸರನ್ನು ಬಾಯಿಬಿಟ್ಟು ಹೇಳಿ. ಸುಮ್ನೆ ಬೆರಳು ಓಡಿಸಿದರೆ ಆಕಾರ ಮಾತ್ರ ನೆನಪಿರುತ್ತದೆ, ಸ್ವರ ನೆನಪಿರುವುದಿಲ್ಲ.

ಇನ್ನು ತಂತಿ ಬದಲಾಯಿಸುವಾಗಿನ ಗದ್ದಲ. ಸಿ ಇಂದ ಇ ಗೆ ಹೋದರೂ ಹಿಂದಿನ ಸಿ ಮೊಳಗುತ್ತಲೇ ಇರುತ್ತದೆ, ಅಲ್ವಾ? ನಡುಬೆರಳಿನ ಒತ್ತಡ ಸಡಿಲಿಸಿ, ಆದರೆ ಬೆರಳನ್ನು ತಂತಿಯಿಂದ ಪೂರ್ತಿ ಎತ್ತಬೇಡಿ. ಮುಟ್ಟಿಕೊಂಡೇ ಇದ್ದರೆ ತಂತಿ ಸುಮ್ಮನಾಗುತ್ತದೆ. ಬಲಗೈಯ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒರಗಿರಲಿ. ತೋರುಬೆರಳು, ನಡುಬೆರಳು ಸರದಿಯಲ್ಲಿ ಮೀಟಲಿ. ಮೆಟ್ರೊನೋಮ್ (ತಾಳ ಎಣಿಸುವ ಸಾಧನ) ನಿಮಿಷಕ್ಕೆ 60 ಬೀಟಿಗೆ ಇಟ್ಟು ಬೀಟಿಗೆ ಒಂದೇ ಸ್ವರ. ಪ್ರತಿ ಸ್ವರವೂ ಮುಂದಿನದು ಬರುವವರೆಗೆ ತುಂಬಿ ನಿಲ್ಲಬೇಕು. ಅದು ಸರಿಯಾಗುವವರೆಗೆ ವೇಗದ ಮಾತೇ ಬೇಡ.

ಮೇಜರ್ ಆಕಾರ ಕೈಗೆ ಕೂತ ಮೇಲೆ ಅದನ್ನೇ ಸರಿಸಿ. ಇ ತಂತಿಯ 3ನೇ ಫ್ರೆಟ್‌ನಿಂದ ಹೊರಟರೆ ಜಿ ಮೇಜರ್, ಡಿ ತಂತಿಯ 3ರಿಂದ ಹೊರಟರೆ ಎಫ್ ಮೇಜರ್. ಎಫ್‌ಗೆ ಆಕ್ಟೇವ್ ಆ ಜಾಗದಲ್ಲಿ ಸಿಗುವುದಿಲ್ಲ, ಮೂರು ಸ್ವರ ಸಾಕು. ಈಗ ಸಿ, ಎಫ್, ಜಿ ಮೂರೂ ಕಾರ್ಡ್‌ಗಳನ್ನು ಇದೇ ಕ್ರಮದಲ್ಲಿ ಜೋಡಿಸಿ. ನಾಲ್ಕು ಬೀಟಿಗೆ ಸಿ, ಇ, ಜಿ, ಇ ನುಡಿಸಿ. ಆ ಕೊನೆಯ ಇ ಪಕ್ಕದ ಫ್ರೆಟ್ಟೇ ಎಫ್, ಮುಂದಿನ ಕಾರ್ಡ್‌ನ ರೂಟ್. ಅದೇ ಥರ ಜಿ, ಬಿ, ಡಿ, ಬಿ ನುಡಿಸಿದರೆ ಬಿ ಪಕ್ಕದಲ್ಲೇ ಸಿ ಕಾದಿರುತ್ತದೆ. ಎಫ್‌ನಿಂದ ಜಿ ಗೆ ಮಾತ್ರ ಇಷ್ಟು ಹತ್ತಿರದ ದಾರಿಯಿಲ್ಲ, ಅಲ್ಲಿ ನೇರವಾಗಿ ಹಾರಿ. ಈ ಸುತ್ತು ನಿಲ್ಲದೆ ಬರತೊಡಗಿದಾಗ ಮೆಟ್ರೊನೋಮ್ ನಾಲ್ಕೈದು ಅಂಕಿಯಷ್ಟೇ ಏರಿಸಿ.